ಅಜ್ಜಿ ಒಂದು ದಿನವೂ ರಜೆ ಹಾಕಿಲ್ಲ

ಭಾಗ 1/7

ಮೊದಲ ಫೋಟೋದಲ್ಲಿ ಉಂಟಲ್ಲ, ರಟ್ಟು ಹರಿದ, ಎಣ್ಣೆ ಕಲೆ ಇರುವ ಪುಸ್ತಕ, ಅದು ನನ್ನ ಅಜ್ಜಿಯದ್ದು. ಬೀಡಿ ಪುಸ್ತಕ. ಕಾರ್ಕಳ, ಕಾಪು ಕಡೆಯವರಿಗೆ ಇದನ್ನು ವಿವರಿಸುವುದು ಬೇಡ. ಒಂದಲ್ಲ ಒಂದು ಮನೆಯ ಗೋಡೆಯ ಮೊಳೆಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ನೇತಾಡುತ್ತಿದ್ದದ್ದು ನೀವು ನೋಡಿರುತ್ತೀರಿ. ಹೊರಗಿನಿಂದ ಮಣಿಪಾಲಕ್ಕೆ ಓದಲಿಕ್ಕೆ ಬಂದವರಿಗೆ ಮಾತ್ರ ಒಂದು ಮಾತು: ಮನೆಯಲ್ಲಿ ಕೂತು ಬೀಡಿ ಕಟ್ಟುವವರು ಎಷ್ಟು ಎಲೆ, ಎಷ್ಟು ಹೊಗೆಸೊಪ್ಪು ತೆಗೆದುಕೊಂಡು ಹೋದರು, ಎಷ್ಟು ಬೀಡಿ ವಾಪಸು ತಂದುಕೊಟ್ಟರು ಅಂತ ಬರೆಯುವ ಪುಸ್ತಕ ಇದು.

ಈ ಸರಣಿ ಶುರುವಾದದ್ದು ಕ್ಲಾಸಿನಲ್ಲಿ. ಎಚ್‌ಆರ್ ಪೇಪರಿನಲ್ಲಿ ಗೈರುಹಾಜರಿಯ ಸೂತ್ರ ಬರುತ್ತದಲ್ಲ: ಕಳೆದುಹೋದ ಮಾನವ ದಿನಗಳನ್ನು ನಿಗದಿಯಾದ ಮಾನವ ದಿನಗಳಿಂದ ಭಾಗಿಸಿ 100ರಿಂದ ಗುಣಿಸುವುದು. ಇಂಟರ್ನಲ್‌ಗೆ ಎರಡು ಮಾರ್ಕಿನ ಪ್ರಶ್ನೆ. ನಾನು ತಮಾಷೆಗೆ ಅಜ್ಜಿಯ ಲೆಕ್ಕ ಹಾಕುವ ಅಂತ ಹೊರಟೆ.

"ಅಜ್ಜಿ, ಹುಷಾರಿಲ್ಲದೆ ನೀವು ಎಷ್ಟು ದಿನ ರಜೆ ಹಾಕಿದ್ದೀರಿ?"

"ರಜೆಯಾ? ಬೀಡಿಗೆ ಎಂತ ರಜೆ ಮಗಾ?"

ಮೂವತ್ತೈದು ವರ್ಷಕ್ಕಿಂತ ಹೆಚ್ಚು ಬೀಡಿ ಕಟ್ಟಿದ್ದಾರೆ. ಜ್ವರ ಬಂದಿದೆ, ಬಾಣಂತನ ಆಗಿದೆ, ಒಂದು ದೊಡ್ಡ ಆಪರೇಷನ್ ಆಗಿದೆ. ಆದರೂ ಸೂತ್ರಕ್ಕೆ ಹಾಕಿದರೆ ಮೇಲೆ ಸೊನ್ನೆ, ಕೆಳಗೂ ಸೊನ್ನೆ, ಯಾಕೆಂದರೆ ಇಷ್ಟು ದಿನ ಕೆಲಸಕ್ಕೆ ಬರಬೇಕು ಅಂತ ಅವರಿಗೆ ಯಾರೂ ನಿಗದಿ ಮಾಡಿಯೇ ಇಲ್ಲ. ಕ್ಯಾಲ್ಕುಲೇಟರ್ ಎರರ್ ತೋರಿಸಿತು. ನನಗೆ ನಗು ಬಂತು, ಆಮೇಲೆ ನಗು ನಿಂತಿತು.

ಹಾಗಾದರೆ ಕೆಲಸದವರು ಕಾಯಿಲೆ ಬಿದ್ದಾಗ ಆ ದಿನದ ದುಡ್ಡು ಯಾರು ಕೊಡುತ್ತಿದ್ದರು, ಗುಣವಾಗಿ ಬಂದರೆ ಕೆಲಸ ಇರುತ್ತಿತ್ತಾ? ಹುಡುಕುತ್ತಾ ಹೋದೆ. ಉದ್ದ ಆಯ್ತು. ಸೇವ್ ಮಾಡಿ ಇಟ್ಟುಕೊಂಡು ಬಸ್ಸಿನಲ್ಲಿ ಓದಿ.

ಭಾಗ 2/7

ಅಜ್ಜಿಯ ತಮ್ಮ, ಅಂದರೆ ಅಮ್ಮನ ಸೋದರಮಾವ, 80ರ ದಶಕದಲ್ಲಿ ಬಾಂಬೆಯ ಒಂದು ಹೋಟೆಲಿನಲ್ಲಿ ಇದ್ದರು. ನಮ್ಮೂರಿನ ಅರ್ಧ ಹುಡುಗರು ಆಗ ಅಲ್ಲೇ. ಒಂದು ಮಳೆಗಾಲ ಅವರಿಗೆ ಕಾಮಾಲೆ ಬಂತು. ಧಣಿ ಕೆಟ್ಟವರಲ್ಲ, ಮಾವ ಇವತ್ತಿಗೂ ಅವರನ್ನು ಬೈಯುವುದಿಲ್ಲ. ಊರಿನ ಬಸ್ಸಿಗೆ ಟಿಕೆಟ್ ಮಾಡಿಸಿ, ಕೈಗೆ ಒಂದಿಷ್ಟು ದುಡ್ಡು ಕೊಟ್ಟು, "ಊರಿಗೆ ಹೋಗು, ಹುಷಾರಾದ ಮೇಲೆ ಬಾ" ಅಂದರು. ಕೊಂಕಣ ರೈಲು ಪೂರ್ತಿ ಓಡಲಿಕ್ಕೆ ಶುರುವಾದದ್ದು 1998ರಲ್ಲಿ. ಹಾಗಾಗಿ ಕಾಮಾಲೆಯ ಹುಡುಗ ಘಾಟಿಯ ತಿರುವುಗಳಲ್ಲಿ ವಾಂತಿ ಮಾಡಿಕೊಂಡು ಊರು ಮುಟ್ಟಿದ. ಎರಡು ತಿಂಗಳು ಹಳ್ಳಿಮದ್ದು, ಪಥ್ಯ, ಗಂಜಿ. ವಾಪಸು ಹೋದಾಗ ಅವರ ಜಾಗದಲ್ಲಿ ಕುಂದಾಪುರ ಕಡೆಯ ಇನ್ನೊಬ್ಬ ಹುಡುಗ ತಟ್ಟೆ ಎತ್ತುತ್ತಿದ್ದ.

"ಅವನನ್ನು ಬಿಡಿಸಿ ನನ್ನನ್ನು ಇಟ್ಟುಕೊಳ್ಳಿ ಅಂತ ಹೇಳಲಿಕ್ಕೆ ಆಗ್ತದಾ?" ಅಂತ ಮಾವ ಕೇಳುತ್ತಾರೆ.

ಈ "ಊರಿಗೆ ಹೋಗು" ಇದೆಯಲ್ಲ, ಇದು ಒಬ್ಬ ಧಣಿಯ ಮಾತಲ್ಲ, ಇಡೀ ದೇಶದ ಪದ್ಧತಿ ಆಗಿತ್ತು ಅಂತ ನನಗೆ ಆಮೇಲೆ ಗೊತ್ತಾಯಿತು. 1927ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಕಾಯಿಲೆ ವಿಮೆಯ ಬಗ್ಗೆ ಒಪ್ಪಂದ ಮಾಡಿತು. ಬ್ರಿಟಿಷ್ ಭಾರತ ಸರಕಾರ ಅದಕ್ಕೆ ಸೇರಲಿಲ್ಲ. ನಮ್ಮ ಕೂಲಿಗಳು ಒಂದು ಕಡೆ ನಿಲ್ಲುವವರಲ್ಲ, ಊರಿಗೂ ಪೇಟೆಗೂ ಓಡಾಡುತ್ತಲೇ ಇರುತ್ತಾರೆ, ಡಾಕ್ಟರುಗಳೂ ಸಾಲದು ಅನ್ನುವುದು ವಾದ. 1929ರಲ್ಲಿ ಜೆ. ಎಚ್. ವಿಟ್ಲಿ ಅಧ್ಯಕ್ಷತೆಯಲ್ಲಿ ಕಾರ್ಮಿಕರ ಬಗ್ಗೆ ರಾಯಲ್ ಆಯೋಗ ಕೂತಿತು, 1931ರಲ್ಲಿ ವರದಿ ಬಂತು. ಹಳ್ಳಿಯ ಮನೆ ಕಾರ್ಮಿಕನಿಗೆ ಕಾಯಿಲೆ, ಹೆರಿಗೆ, ಮುಪ್ಪಿನಲ್ಲಿ ಒಂಥರಾ ವಿಮೆಯ ಹಾಗೆ ಅಂತ ಆಯೋಗ ಗುರುತಿಸಿತು. ಸರಿಯೇ. ಆದರೆ ಆ ವಿಮೆಯ ಪ್ರೀಮಿಯಂ ಕಟ್ಟಿದ್ದು ಯಾರು? ಮಾವನ ಗಂಜಿಗೆ ಅಕ್ಕಿ ಬಂದದ್ದು ಅಜ್ಜಿಯ ಬೀಡಿಯಿಂದ. ಹೋಟೆಲಿನ ಕಾಯಿಲೆ ರಜೆಯ ಖರ್ಚು ಕಾರ್ಕಳದ ಜಗಲಿಯಲ್ಲಿ ಬಿತ್ತು. ನಾವು ಕಾಸ್ಟ್ ಅಕೌಂಟಿಂಗ್‌ನಲ್ಲಿ ಓವರ್‌ಹೆಡ್ ಹಂಚುತ್ತೇವಲ್ಲ, ಅದರಲ್ಲಿ ಈ ಕಾಲಂ ನಾನು ನೋಡಿಲ್ಲ.

ಭಾಗ 3/7

ಇಲ್ಲಿ ಮಣಿಪಾಲದ ಕತೆ ಹೇಳದೆ ಮುಂದೆ ಹೋದರೆ ನೀವೇ ಕಮೆಂಟಿನಲ್ಲಿ ಬೈಯುತ್ತೀರಿ.

1925ರಲ್ಲಿ ಉಡುಪಿಯಲ್ಲಿ ಟಿ. ಎಂ. ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಸೇರಿ ₹8,000 ಬಂಡವಾಳದಲ್ಲಿ ಕೆನರಾ ಇಂಡಸ್ಟ್ರಿಯಲ್ ಆಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಶುರುಮಾಡಿದರು. ಸಂಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ಸಹಾಯ ಆಗಲಿ ಅಂತ. ಮುಂದೆ ಅದೇ ಸಿಂಡಿಕೇಟ್ ಬ್ಯಾಂಕ್, 2020ರ ಏಪ್ರಿಲ್ 1ರಿಂದ ಕೆನರಾ ಬ್ಯಾಂಕಿನೊಳಗೆ. ಟಿ. ಎಂ. ಎ. ಪೈ ಅವರು ಮೂಲತಃ ಡಾಕ್ಟರ್ ಅನ್ನುವುದು ನಮಗೆ ಮರೆತೇ ಹೋಗುತ್ತದೆ. 1928ರಲ್ಲಿ ಬಂದ ಪಿಗ್ಮಿ ಠೇವಣಿಯಲ್ಲಿ ಏಜೆಂಟ್ ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ತೆಗೆದುಕೊಂಡು ಹೋಗುತ್ತಿದ್ದ. ದಿನಗೂಲಿಯವರಿಗೆ, ನೇಕಾರರಿಗೆ, ಮಲಗಿದ ದಿನಕ್ಕೆ ಎತ್ತಿಡುವ ದುಡ್ಡು ಅಂತ ಇದ್ದದ್ದು ಹೆಚ್ಚುಕಡಿಮೆ ಇಂಥದ್ದೇ. ಕಾಯಿಲೆಗೆ ತಾನೇ ಉಳಿಸಬೇಕು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಏಜೆಂಟ್. ಬ್ಯಾಂಕಿನ ಒಳಗೆ ಕೂತ ಕ್ಲರ್ಕಿಗೆ ಕಾಯಿಲೆ ರಜೆ ಉಂಟು. ಬಿಸಿಲಿನಲ್ಲಿ ಮನೆ ಮನೆ ತಿರುಗಿ ಬೇರೆಯವರ ಕಾಯಿಲೆ ದಿನಕ್ಕೆ ದುಡ್ಡು ಒಟ್ಟುಮಾಡುವವನಿಗೆ ಕಮಿಷನ್ ಮಾತ್ರ. ಅವನು ಮಲಗಿದರೆ ಆ ದಿನದ ಕಮಿಷನ್ ಇಲ್ಲ. ಇವರು ಕೆಲಸಗಾರರು ಹೌದೋ ಅಲ್ಲವೋ ಅನ್ನುವ ಜಗಳ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2001ರಲ್ಲಿ ಇಂಡಿಯನ್ ಬ್ಯಾಂಕ್ಸ್ ಅಸೋಸಿಯೇಷನ್ ಮತ್ತು ಸಿಂಡಿಕೇಟ್ ಬ್ಯಾಂಕಿನ ಕಾರ್ಮಿಕರ ನಡುವಿನ ಪ್ರಕರಣದಲ್ಲಿ ತೀರ್ಪು ಬಂತು: ಇವರಿಗೆ ಸಿಗುವ ಕಮಿಷನ್ ಕೂಡ ಸಂಬಳವೇ, ಇವರು ಕಾನೂನಿನ ಪ್ರಕಾರ ಕಾರ್ಮಿಕರೇ. ಆದರೆ ಬ್ಯಾಂಕಿನ ಕಾಯಂ ಕ್ಲರ್ಕುಗಳಿಗೆ ಸಮ ಅಲ್ಲ. ಪಿಗ್ಮಿ ಶುರುವಾಗಿ 73 ವರ್ಷ ಆದ ಮೇಲೆ ಇಷ್ಟು. ಕ್ಯಾಂಪಸ್ ಪಕ್ಕದ ಚರಿತ್ರೆ ಇದು, ನಮ್ಮ ಸಿಲೆಬಸ್‌ನಲ್ಲಿ ಒಂದು ಸಾಲು ಇಲ್ಲ.

ಭಾಗ 4/7

ಈಗ ಕಾನೂನಿನ ಭಾಗ. ಸ್ಕ್ರೋಲ್ ಮಾಡಿ ದಾಟಬೇಡಿ, ಒಂದು ಒಳ್ಳೆಯ ತಿರುವು ಉಂಟು.

ಜರ್ಮನಿಯಲ್ಲಿ ಬಿಸ್ಮಾರ್ಕ್ 1883ರಲ್ಲೇ ಕಾರ್ಮಿಕರಿಗೆ ಕಾಯಿಲೆ ವಿಮೆ ಕಡ್ಡಾಯ ಮಾಡಿದ. ನಮ್ಮಲ್ಲಿ 1943ರ ಮಾರ್ಚಿನಲ್ಲಿ, ಎರಡನೇ ಮಹಾಯುದ್ಧದ ನಡುವೆ, ಪ್ರೊ. ಬಿ. ಪಿ. ಅಡಾರ್ಕರ್ ಅವರಿಗೆ ಕಾರ್ಖಾನೆ ಕಾರ್ಮಿಕರ ಆರೋಗ್ಯ ವಿಮೆಗೆ ಒಂದು ಯೋಜನೆ ಮಾಡಿಕೊಡಿ ಅಂತ ಹೇಳಿದರು. ಅವರು 1944ರ ಆಗಸ್ಟ್ 15ಕ್ಕೆ ವರದಿ ಕೊಟ್ಟರು. ಆ ತಾರೀಕಿಗೆ ಆಗ ಇನ್ನೂ ಯಾವ ವಿಶೇಷವೂ ಇರಲಿಲ್ಲ, ನೋಡಿ. ಅದರ ಮೇಲೆ 1948ರಲ್ಲಿ ಕಾರ್ಮಿಕರ ರಾಜ್ಯ ವಿಮಾ ಕಾಯ್ದೆ, ಅಂದರೆ ನಾವೆಲ್ಲ ಹೇಳುವ ಇಎಸ್‌ಐ, ಪಾಸಾಯಿತು. 1952ರ ಫೆಬ್ರವರಿ 24ರಂದು ಕಾನ್ಪುರದಲ್ಲಿ ನೆಹರೂ ಉದ್ಘಾಟಿಸಿದರು, ಅದೇ ದಿನ ದೆಹಲಿಯಲ್ಲೂ ಶುರು. ಎರಡೂ ಕಡೆ ಸೇರಿ 1.2 ಲಕ್ಷ ಕಾರ್ಮಿಕರು. ಕರ್ನಾಟಕಕ್ಕೆ ಬಂದದ್ದು 1958ರಲ್ಲಿ, ಬೆಂಗಳೂರಿಗೆ.

ಇದರ ವಿಶೇಷ ಏನು ಅಂತ ಕೇಳಿದರೆ ಎಲ್ಲರೂ "ಫ್ರೀ ಮದ್ದು" ಅನ್ನುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಮದ್ದಿನ ದುಡ್ಡು ಬೇರೆ, ದಿನದ ದುಡ್ಡು ಬೇರೆ ಮಾರಾಯ್ರೆ. ಇಲ್ಲಿಯ ಆರೋಗ್ಯ ಕಾರ್ಡ್, ಯಶಸ್ವಿನಿ, ಆಯುಷ್ಮಾನ್, ಇವೆಲ್ಲ ಆಸ್ಪತ್ರೆ ಬಿಲ್ಲಿಗೆ. ಮಂಚದಲ್ಲಿ ಮಲಗಿದ ತಿಂಗಳು ಮನೆಯಲ್ಲಿ ಅಕ್ಕಿ ಹೇಗೆ ಬರಬೇಕು ಅನ್ನುವುದಕ್ಕೆ ಅವುಗಳಲ್ಲಿ ಉತ್ತರ ಇಲ್ಲ. ಇಎಸ್‌ಐ ಎರಡನ್ನೂ ಕೊಟ್ಟಿತು.

ಲೆಕ್ಕ ಹೀಗೆ. ತಿಂಗಳಿಗೆ ₹15,000 ಸಂಬಳ ಇದ್ದರೆ ಕೆಲಸಗಾರನಿಂದ 0.75 ಶೇಕಡಾ, ಸುಮಾರು ₹113. ಮಾಲೀಕರಿಂದ 3.25 ಶೇಕಡಾ, ಸುಮಾರು ₹488. ಆರು ತಿಂಗಳ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಇದ್ದರೆ, ಅದಕ್ಕೆ ಸಂಬಂಧಪಟ್ಟ ಅವಧಿಯಲ್ಲಿ ಕಾಯಿಲೆ ಬಂದಾಗ ದಿನದ ಸಂಬಳದ 70 ಶೇಕಡಾ, ವರ್ಷಕ್ಕೆ 91 ದಿನದವರೆಗೆ. ದಿನಕ್ಕೆ ₹500 ಅಂತ ಹಿಡಿದರೆ ₹350. ಶುರುವಿನಲ್ಲಿ ಇದು 56 ದಿನ, ಸುಮಾರು ಅರ್ಧ ಸಂಬಳ ಇತ್ತು. ಟಿಬಿ, ಕ್ಯಾನ್ಸರ್‌ನಂಥ 34 ದೀರ್ಘ ಕಾಯಿಲೆಗಳಿಗೆ 80 ಶೇಕಡಾ, ಎರಡು ವರ್ಷದವರೆಗೂ ಸಿಗಬಹುದು. ಮೊದಲ ಎರಡು ದಿನಕ್ಕೆ ಸಾಮಾನ್ಯವಾಗಿ ಏನೂ ಇಲ್ಲ. ಸುಳ್ಳು ಕಾಯಿಲೆಯ ಭಯ ಕಾನೂನಿಗೂ ಉಂಟು, ನಮ್ಮ ಪಠ್ಯಪುಸ್ತಕಕ್ಕೂ ಉಂಟು. ಗೈರುಹಾಜರಿ ಪಾಠದಲ್ಲಿ ಕಾಯಿಲೆಗಿಂತ "ಸುಳ್ಳು ಹೇಳುವವರನ್ನು ಹಿಡಿಯುವುದು ಹೇಗೆ" ಅನ್ನುವುದೇ ಜಾಸ್ತಿ.

ತಿರುವು ಇಲ್ಲಿ. ಕಾಯ್ದೆಯ 64ನೇ ಸೆಕ್ಷನ್ ಪ್ರಕಾರ ಕಾಯಿಲೆ ಭತ್ಯೆ ತೆಗೆದುಕೊಳ್ಳುವವರು ಹೇಳಿದ ಕಡೆ ಚಿಕಿತ್ಸೆಯಲ್ಲಿ ಇರಬೇಕು, ಗುಣವಾಗುವುದಕ್ಕೆ ಅಡ್ಡಿ ಬರುವಂಥದ್ದು ಮಾಡಬಾರದು, ಮತ್ತು ಡಾಕ್ಟರ್ ಅನುಮತಿ ಇಲ್ಲದೆ ಆ ಪ್ರದೇಶ ಬಿಟ್ಟು ಹೋಗುವಂತಿಲ್ಲ. ಮಾವನಿಗೆ ಹೇಳಿದ್ದು "ಊರಿಗೆ ಹೋಗು". ಕಾನೂನು ಹೇಳಿದ್ದು "ಹೋಗಬೇಡ, ಇಲ್ಲೇ ಇರು, ನಿನ್ನ ಖರ್ಚು ಇಲ್ಲೇ ನೋಡಿಕೊಳ್ಳುತ್ತೇವೆ". ನನಗೆ ಈ ಸೆಕ್ಷನ್ ಓದಿದಾಗ ರೋಮಾಂಚನ ಆಯಿತು ಅಂದರೆ ನೀವು ನಗಬಹುದು. ನಗಿ.

ಭಾಗ 5/7

ಇನ್ನು ವಾಪಸು ಕೆಲಸಕ್ಕೆ ಬರುವ ವಿಷಯ. ಮಾವನಿಗೆ ತಪ್ಪಿಹೋದದ್ದು ಇದೇ.

73ನೇ ಸೆಕ್ಷನ್: ಕೆಲಸಗಾರ ಕಾಯಿಲೆ ಭತ್ಯೆ ಅಥವಾ ಹೆರಿಗೆ ಭತ್ಯೆ ಪಡೆಯುತ್ತಿರುವಾಗ, ಕಾಯಿಲೆಗೆ ಚಿಕಿತ್ಸೆಯಲ್ಲಿರುವಾಗ, ಮಾಲೀಕ ಅವನನ್ನು ತೆಗೆಯುವಂತಿಲ್ಲ, ಶಿಕ್ಷಿಸುವಂತಿಲ್ಲ. ಆ ಸಮಯದಲ್ಲಿ ಕೊಟ್ಟ ನೋಟಿಸ್‌ಗೆ ಬೆಲೆ ಇಲ್ಲ. ಇದಕ್ಕೂ ನಿಯಮಗಳಲ್ಲಿ ಕಾಲಮಿತಿ ಉಂಟು, ಜೀವನಪೂರ್ತಿ ಅಲ್ಲ. ಆದರೆ ಎರಡು ತಿಂಗಳ ಕಾಮಾಲೆಗೆ ಧಾರಾಳ ಸಾಕಿತ್ತು.

ಕಾನೂನು ಕುರ್ಚಿಯನ್ನು ಉಳಿಸಿತು. ಆ ಕುರ್ಚಿಯಲ್ಲಿ ಕೂರಲು ಮೈಯಲ್ಲಿ ಶಕ್ತಿ ಇದೆಯಾ ಅನ್ನುವುದನ್ನು ಅಷ್ಟಾಗಿ ಕೇಳಲಿಲ್ಲ. ಸರ್ಟಿಫಿಕೇಟ್ ಎರಡೇ ಮಾತು ಹೇಳುತ್ತದೆ: ಇವರು ಕೆಲಸದಿಂದ ದೂರ ಇರಬೇಕು, ಅಥವಾ ಇಂಥ ದಿನದಿಂದ ಕೆಲಸಕ್ಕೆ ಫಿಟ್. ನಿನ್ನೆವರೆಗೆ ಹಾಸಿಗೆ, ಇವತ್ತಿನಿಂದ ಎಂಟು ಗಂಟೆ ನಿಂತುಕೊಂಡು ಕೆಲಸ. ಬ್ರಿಟನ್ನಿನಲ್ಲಿ 2010ರಲ್ಲಿ ಹಳೆಯ ಸಿಕ್ ನೋಟ್ ತೆಗೆದು ಫಿಟ್ ನೋಟ್ ಅಂತ ತಂದರು. ಅದರಲ್ಲಿ ಡಾಕ್ಟರ್ ಮೂರನೇ ಮಾತೊಂದು ಹೇಳಬಹುದು: ಸ್ವಲ್ಪ ಸ್ವಲ್ಪವೇ ಕೆಲಸಕ್ಕೆ ಮರಳಲಿ, ಗಂಟೆ ಬದಲಿಸಿ, ಬೇರೆ ಕೆಲಸ ಕೊಡಿ, ಕೂರುವ ಜಾಗ ಸರಿಮಾಡಿ. ನಮ್ಮಲ್ಲಿ ಸರಕಾರಿ ಕೆಲಸದವರಿಗೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 20ನೇ ಸೆಕ್ಷನ್ ಉಂಟು. ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದರೆ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ, ಅದೇ ಸಂಬಳದ ಬೇರೆ ಹುದ್ದೆ ಕೊಡಬೇಕು. ಸರಕಾರಿ ಕೆಲಸದವರಿಗೆ ಅನ್ನುವುದನ್ನು ಮತ್ತೊಮ್ಮೆ ಓದಿ.

ನಡುವೆ ಒಂದು ನಮ್ಮದೇ ವಿಷಯ. ಕಳೆದ ವರ್ಷ ರಜೆಯಲ್ಲಿ ನಾನು ಮಣಿಪಾಲದ ಒಂದು ಅಂಗಡಿಯಲ್ಲಿ ಕೆಲಸಕ್ಕೆ ನಿಂತಿದ್ದೆ. ಜ್ವರದಲ್ಲಿ ನಾಲ್ಕು ದಿನ ಹೋಗಲಿಲ್ಲ. ನಾಲ್ಕು ದಿನದ ಸಂಬಳ ಕಟ್. ನಾನು "ಸಾರಿ ಅಣ್ಣ" ಅಂತ ಬೇರೆ ಹೇಳಿ ಬಂದೆ! ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯಲ್ಲಿ ಕಾಯಿಲೆಗೆ, ಅಪಘಾತಕ್ಕೆ ಅಥವಾ ಬೇರೆ ಸರಿಯಾದ ಕಾರಣಕ್ಕೆ ವರ್ಷಕ್ಕೆ 12 ದಿನದವರೆಗೆ ಸಂಬಳ ಸಹಿತ ರಜೆ ಉಂಟು ಅಂತ ಆಗ ಗೊತ್ತಿರಲಿಲ್ಲ. ಗೊತ್ತಿದ್ದರೂ ಕೇಳುತ್ತಿದ್ದೆನಾ? ಪ್ರಾಮಾಣಿಕವಾಗಿ ಹೇಳುವುದಾದರೆ, ಇಲ್ಲ.

ಭಾಗ 6/7

ಅಜ್ಜಿಗೆ ಬರುವ.

ಶುರುವಿನಲ್ಲಿ ಇಎಸ್‌ಐ ಇದ್ದದ್ದು ಕರೆಂಟ್ ಬಳಸುವ, 20 ಅಥವಾ ಹೆಚ್ಚು ಜನ ಇರುವ, ವರ್ಷವಿಡೀ ನಡೆಯುವ ಕಾರ್ಖಾನೆಗಳಿಗೆ. ತಡ್ಪೆ ತೊಡೆಯ ಮೇಲೆ ಇಟ್ಟುಕೊಂಡು ಜಗಲಿಯಲ್ಲಿ ಕೂತವರಿಗೆ ಅದು ಹೇಗೆ ಬರಬೇಕು? ಅವರಿಗೆ ಬೇರೆ ದಾರಿ ಮಾಡಿದರು. 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ. ಅದನ್ನು ಮಾಲೀಕರು ಕೋರ್ಟಿಗೆ ಎಳೆದರು. 1974ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಆ ತೀರ್ಪು ಕಾನೂನು ಪುಸ್ತಕಗಳಲ್ಲಿ ಇರುವುದು ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಪ್ರಕರಣ ಅನ್ನುವ ಹೆಸರಿನಲ್ಲಿ, ಅಂದರೆ ನಮ್ಮ ಪಕ್ಕದ ಮನೆಯ ಹೆಸರು. 20 ದಿನ ಕೆಲಸಕ್ಕೆ 1 ದಿನದ ವಾರ್ಷಿಕ ರಜೆ ಸಂಬಳ ಆ ಕಾಯ್ದೆಯಲ್ಲಿ ಇತ್ತು. ಮಲಗಿದ ದಿನಕ್ಕೆ ಅಂತ ಪ್ರತ್ಯೇಕ ಭತ್ಯೆ ಅದರಲ್ಲಿ ಇರಲಿಲ್ಲ.

1976ರಲ್ಲಿ ಬೀಡಿ ಕಾರ್ಮಿಕರ ಕಲ್ಯಾಣ ನಿಧಿ ಬಂತು. ನಮ್ಮಲ್ಲಿ ಎಷ್ಟು ಜನ ಬೀಡಿ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಿದ್ದೀರಿ, ಕೈ ಎತ್ತಿ. ಅದು ಇದೇ ನಿಧಿಯ ಮೊಮ್ಮಗು. ಟಿಬಿ ಬಂದ ಬೀಡಿ ಕಾರ್ಮಿಕರಿಗೆ ತಿಂಗಳಿಗೆ ₹750ರಿಂದ ₹1,000ದವರೆಗೆ ಜೀವನ ಭತ್ಯೆ ಕೊಡುವ ಯೋಜನೆಯೂ ಅದರಲ್ಲಿ ಇತ್ತು. ದಿನದ ದುಡ್ಡಿಗೆ ಹತ್ತಿರ ಬಂದದ್ದು ಅದೊಂದೇ ಅಂತ ನನಗೆ ಕಾಣುತ್ತದೆ. ಬೀಡಿಯ ಮೇಲಿನ ಸೆಸ್ 2017ರಲ್ಲಿ ಜಿಎಸ್‌ಟಿ ಬಂದಾಗ ಹೋಯಿತು.

1985ರ ಇನ್ನೊಂದು ತೀರ್ಪು ನನಗೆ ತುಂಬಾ ಇಷ್ಟ. ಮನೆಯಲ್ಲಿ ಬೀಡಿ ಕಟ್ಟುವವರು ನಮ್ಮ ನೌಕರರೇ ಅಲ್ಲ, ಅವರ ಮೇಲೆ ನಮ್ಮ ಹತೋಟಿ ಎಲ್ಲಿದೆ, ಪಿಎಫ್ ಯಾಕೆ ಕೊಡಬೇಕು ಅಂತ ಮಾಲೀಕರ ವಾದ. ಸುಪ್ರೀಂ ಕೋರ್ಟ್ ಹೇಳಿದ್ದು: ಸರಿಯಿಲ್ಲದ ಬೀಡಿಯನ್ನು ತೆಗೆದು ಹಾಕುವ ಹಕ್ಕು ನಿಮ್ಮಲ್ಲಿ ಉಂಟಲ್ಲ, ಅದೇ ಹತೋಟಿ. ಪಿಎಫ್ ಕೊಡಿ. ಬ್ರಾಂಚಿನಲ್ಲಿ ಬೀಡಿ ರಿಜೆಕ್ಟ್ ಆದಾಗ ಅಜ್ಜಿ ಅತ್ತದ್ದು ಅಮ್ಮನಿಗೆ ನೆನಪುಂಟು. ಅಳಿಸಿದ ಆ ರಿಜೆಕ್ಟೇ ಕೊನೆಗೆ ಅವರು ನೌಕರರು ಅನ್ನುವುದಕ್ಕೆ ಸಾಕ್ಷಿ ಆಯಿತು. ಅಜ್ಜಿಗೆ ಇವತ್ತು ಸಣ್ಣ ಪಿಂಚಣಿ ಬರುವುದು ಆ ದಾರಿಯಿಂದ.

2009ರಲ್ಲಿ ಅಜ್ಜಿಗೆ ಗರ್ಭಕೋಶದ ಆಪರೇಷನ್ ಆಯಿತು. ಎರಡು ತಿಂಗಳು ಕೆಳಗೆ ಕೂರಬಾರದು ಅಂದರು ಡಾಕ್ಟರ್. ಬೀಡಿ ಕಟ್ಟುವುದು ನೆಲದಲ್ಲಿ ಕೂತೇ. ಪುಸ್ತಕ ನಿಂತರೆ ಎಲೆ ಕೊಡುವುದು ನಿಲ್ಲುತ್ತದೋ ಅನ್ನುವ ಹೆದರಿಕೆ, ಪಿಎಫ್ ಲೆಕ್ಕದ ಹೆದರಿಕೆ ಬೇರೆ. ಆವಾಗ ದೊಡ್ಡಮ್ಮ, ಪಕ್ಕದ ಮನೆಯ ಅಕ್ಕ, ಶಾಲೆ ಬಿಟ್ಟು ಬಂದ ಮೇಲೆ ಚಿಕ್ಕಮ್ಮ, ಮೂರು ಜನ ಸೇರಿ ತಮ್ಮ ಬೀಡಿ ಮುಗಿಸಿ ರಾತ್ರಿ ಅಜ್ಜಿಯ ಪಾಲಿನ ಬೀಡಿ ಕಟ್ಟಿದರು. ಒಂದು ತಿಂಗಳ ನಂತರ ಅಜ್ಜಿ ಕುರ್ಚಿಯಲ್ಲಿ ಕೂತು ಎಲೆ ಕತ್ತರಿಸಿಕೊಡಲು ಶುರುಮಾಡಿದರು. ಆಮೇಲೆ ನೂಲು ಕಟ್ಟುವುದು. ಆಮೇಲೆ ದಿನಕ್ಕೆ ಇನ್ನೂರು ಮುನ್ನೂರು ಬೀಡಿ. ಐದು ತಿಂಗಳಿಗೆ ಹಳೆಯ ಲೆಕ್ಕಕ್ಕೆ, ಎಂಟುನೂರಕ್ಕೆ ಬಂದರು.

ಬ್ರಿಟನ್ ಸರಕಾರ 2010ರಲ್ಲಿ ಫಾರ್ಮಿನಲ್ಲಿ ಹಾಕಿದ್ದನ್ನು ನಮ್ಮ ಜಗಲಿಯಲ್ಲಿ ಒಂದು ವರ್ಷ ಮೊದಲೇ ಮಾಡಿದ್ದರು ಅಂತ ನಾನು ಹೆಮ್ಮೆಯಲ್ಲಿ ಹೇಳಿದೆ. ದೊಡ್ಡಮ್ಮ ನನ್ನನ್ನು ಸುಮ್ಮನೆ ನೋಡಿದರು. "ಆ ಎರಡು ತಿಂಗಳು ನಾನು ಎಷ್ಟು ಗಂಟೆ ಮಲಗಿದ್ದೆ ಗೊತ್ತುಂಟಾ ನಿನಗೆ?" ಅಂದರು. ಬಾಯಿ ಮುಚ್ಚಿಕೊಂಡೆ. ಮಾವನ ಕಾಮಾಲೆ ಅಜ್ಜಿಯ ಮೇಲೆ ಬಿತ್ತು, ಅಜ್ಜಿಯ ಆಪರೇಷನ್ ದೊಡ್ಡಮ್ಮನ ನಿದ್ದೆಯ ಮೇಲೆ ಬಿತ್ತು. ಎಲೆ ಕೊಟ್ಟ ಕಡೆಯವರಿಗೆ ಅಜ್ಜಿ ಮಲಗಿದ್ದೇ ಗೊತ್ತಾಗಲಿಲ್ಲ.

ಭಾಗ 7/7

ಬೀಡಿ ಕಟ್ಟುವವರು ಈಗ ಕಡಿಮೆ ಆಗುತ್ತಾ ಬಂದಿದ್ದಾರೆ, ಹಾಗಾಗಿ ಇದು ಮುಗಿದ ಕತೆ ಅಂದುಕೊಳ್ಳಬೇಡಿ. ರಾತ್ರಿ ಹನ್ನೊಂದು ಗಂಟೆಗೆ ಟೈಗರ್ ಸರ್ಕಲ್ ಹತ್ತಿರ ಮಳೆಯಲ್ಲಿ ಪಾರ್ಸೆಲ್ ಹಿಡಿದು ನಿಂತ ಹುಡುಗನನ್ನು ನೋಡಿ. ಬಾಗಿಲಿಗೆ ಬರುವ ಪಿಗ್ಮಿ ಏಜೆಂಟ್, ತುಂಡು ಲೆಕ್ಕದ ಬೀಡಿ, ಎರಡೂ ಸೇರಿದ ಹಾಗೆ ಅವನ ಕೆಲಸ. ಆ್ಯಪ್ ಆಫ್ ಮಾಡಿದರೆ ಗೈರುಹಾಜರಿ ಇಲ್ಲ, ದುಡ್ಡೂ ಇಲ್ಲ. ಗಿಗ್ ಕಾರ್ಮಿಕರಿಗೆ ಅಂತಲೇ ಕರ್ನಾಟಕ 2025ರಲ್ಲಿ ಕಾಯ್ದೆ ಮಾಡಿದೆ, ಅವರಿಗೆ ಹೋಗುವ ಪಾವತಿಯ ಮೇಲೆ ಕಂಪೆನಿಗಳಿಂದ 1ರಿಂದ 5 ಶೇಕಡಾ ಕಲ್ಯಾಣ ಶುಲ್ಕ. ಬೀಡಿ ಸೆಸ್ಸಿನ ದಾರಿಯೇ ಇದು. ಈ ನಿಧಿ ಜ್ವರದ ನಾಲ್ಕು ದಿನಕ್ಕೆ ದುಡ್ಡು ಕೊಡುತ್ತದಾ ಅಂತ ನಿಮ್ಮ ಪರಿಚಯದ ರೈಡರ್ ಹತ್ತಿರ ಕೇಳಿ, ಉತ್ತರ ಕಮೆಂಟಿನಲ್ಲಿ ಹಾಕಿ. 1948ರ ಇಎಸ್‌ಐ ಕಾಯ್ದೆಯೂ ಈಗ ಸಾಮಾಜಿಕ ಭದ್ರತಾ ಸಂಹಿತೆಯ ಒಳಗೆ ಸೇರಿದೆ, 2025ರ ನವೆಂಬರ್ 21ರಿಂದ. ಎಕ್ಸಾಮಿಗೆ ಹಳೆಯ ಸೆಕ್ಷನ್ ನಂಬರ್ ಬರೆಯಬೇಕಾ ಹೊಸದಾ ಅಂತ ಮಾತ್ರ ನನ್ನನ್ನು ಕೇಳಬೇಡಿ.

ಅದೇ ವರ್ಷ ರಾಜ್ಯ ಸರಕಾರ ದುಡಿಯುವ ಹೆಂಗಸರಿಗೆ ತಿಂಗಳಿಗೆ 1, ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆ ಅಂತ ಆದೇಶ ಮಾಡಿತು. ಅದು ಕೋರ್ಟಿಗೂ ಹೋಯಿತು. ಆದೇಶದಲ್ಲಿ ಹೆಸರಿಸಿದ ಕಾಯ್ದೆಗಳಲ್ಲಿ ಬೀಡಿ ಕಾಯ್ದೆಯೂ ಉಂಟು. ಅದನ್ನು ಅಜ್ಜಿಗೆ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿ, "ಆ ದಿನದ ಎಲೆ ಯಾರ ಹತ್ತಿರ ಇರ್ತದೆ?" ಅಂತ ಕೇಳಿದರು. ಎಲೆ ನೆನೆಸಿಟ್ಟ ಮೇಲೆ ಕಟ್ಟಲೇಬೇಕು, ಇಲ್ಲದಿದ್ದರೆ ಹಾಳು. ನನ್ನಲ್ಲಿ ಉತ್ತರ ಇರಲಿಲ್ಲ.

ಕೊನೆಯ ಫೋಟೋ ಜೂಮ್ ಮಾಡಿ ನೋಡಿ. ಅಜ್ಜಿಯ ಪುಸ್ತಕದ 2009ರ ಪುಟಗಳು. ತಾರೀಕು, ಎಲೆ, ಹೊಗೆಸೊಪ್ಪು, ಬೀಡಿ, ಸಹಿ. ಯಾವ ವಾರ ಅವರು ಆಸ್ಪತ್ರೆಯಲ್ಲಿದ್ದರು ಅಂತ ಹುಡುಕಿ. ನಾನು ಮೂರು ಸಲ ನೋಡಿದೆ, ಸಿಗಲಿಲ್ಲ.